ಬಾಂದುಕಲ್ಲು ಇಲ್ಲದ ಹುಣಸೆಮರ

ಮಾರ್ಗಶಿರದ ಮಂಜು ಇನ್ನೂ ಕರಗಿರಲಿಲ್ಲ. ಇಬ್ಬನಿಯ ತೇವ ಇರುವಾಗ ಕೊಯ್ದರೆ ಕಾಳು ಉದುರುವುದಿಲ್ಲವೆಂದು ಕೊಂಡಪ್ಪ ಆಗಲೇ ರಾಗಿ ಹೊಲಕ್ಕಿಳಿದಿದ್ದ. ಹೆಂಡತಿ ಪೆದ್ದಮ್ಮ ಕೊಯ್ದ ಹಿಡಿಗಳನ್ನು ಹಿಂದಿನಿಂದ ಸಾಲಾಗಿ ಹರಡುತ್ತಿದ್ದಳು. ಹೊಲದ ಅಂಚಿನ ಹುಣಸೆಮರದ ಬುಡದಲ್ಲಿ ಸುಣ್ಣ ಬಳಿದ ಬಾಂದುಕಲ್ಲು. ಅದರಾಚೆ ಮುನಿವೆಂಕಟಪ್ಪಗೌಡರ ಜಮೀನು. ಸರ್ಕಾರ ಕೊಂಡಪ್ಪನ ತಂದೆಗೆ ಮಂಜೂರು ಮಾಡಿದ್ದ ಈ ಹೊಲವನ್ನು ಅಳತೆ ಮಾಡಿಸಿ ಆ ಕಲ್ಲು ನೆಡಿಸುವಷ್ಟರಲ್ಲಿ ಕೊಂಡಪ್ಪನ ತಲೆ ನರೆತಿತ್ತು. ಗೌಡರು ಇವತ್ತಿಗೂ ಅದನ್ನು ಕೊಂಡಪ್ಪನ ಕಲ್ಲು ಅನ್ನುತ್ತಾರೆಯೇ ಹೊರತು ಎಲ್ಲೆಯ ಕಲ್ಲು ಅನ್ನುವುದಿಲ್ಲ.

ಮಗಳು ಗೌತಮಿ ಚಿಂತಾಮಣಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ರಜೆಯಲ್ಲಿ ಕೈವಾರದ ಬೆಟ್ಟ, ಸಂತೆ, ಹೊಲ ತಿರುಗಿ ತೆಗೆದ ಫೋಟೋಗಳನ್ನು ಆನ್‌ಲೈನಿನಲ್ಲಿ ಮಾರಾಟಕ್ಕಿಡುತ್ತಾಳೆ. ಕೊಂಡವರಿಗೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಳಿಸುತ್ತಾಳೆ. ಅವತ್ತು ತಿಂಡಿ ತಂದವಳು ಮೊಬೈಲನ್ನು ಅಪ್ಪನ ಮುಂದೆ ಹಿಡಿದಳು.

"ಅಪ್ಪ, ನಮ್ ಹುಣಸೆಮರಕ್ಕೂ ಗಿರಾಕಿ ಬಂದ್ರು ನೋಡು."

ಫೋಟೋದ ಮಂಜಿನಲ್ಲಿ ಮರವೊಂದೇ ನಿಂತಿತ್ತು. ಚೆಂದವಿತ್ತು. ಮೂಲೆಯಲ್ಲಿ ಮಗಳ ಹೆಸರಿತ್ತು. ಆಮೇಲೆ ಕೊಂಡಪ್ಪ ಬುಡ ನೋಡಿದ.

"ಕಲ್ಲು ಎಲ್ಲೋಯ್ತಮ್ಮ?"

"ಬೆಳ್ಳಗೆ ಕಣ್ಣಿಗೆ ಹೊಡೀತಿತ್ತಪ್ಪ. ಕಂಪ್ಯೂಟರಲ್ಲಿ ಅಳಿಸ್ದೆ."

"ಕೊಂಡೋರು ಯಾರು?"

"ಗೌಡ್ರ ಮಗ ನರೇಂದ್ರಣ್ಣ. ಹೊಸ ಮನೆ ಹಾಲ್‌ಗಂತೆ."

ಕೊಂಡಪ್ಪ ಕುಡುಗೋಲು ಕೆಳಗಿಟ್ಟ. "ಬಾಗ್ಲು ತೆಗೆದ್ರೆ ಕಾಣೋ ಮರಾನ ದುಡ್ಡು ಕೊಟ್ಟು ಯಾಕಮ್ಮ ತಗೋತಾನೆ?"

"ನಿಂಗೆ ಎಲ್ಲದ್ರಲ್ಲೂ ಅನುಮಾನ."

"ಸಾರಿಗೆ ನಾನು ಉಪ್ಪು ಜಾಸ್ತಿ ಹಾಕಿದ್ರೂ ನಿಮ್ಮಪ್ಪಂಗೆ ಗೌಡ್ರ ಮೇಲೇ ಅನುಮಾನ ಕಣೇ," ಎಂದಳು ಪೆದ್ದಮ್ಮ.

ಕೊಂಡಪ್ಪ ನಗಲಿಲ್ಲ. "ನಾಳೆ ಕಲ್ಲು ಕಿತ್ತಾಕಿ, ಇಲ್ಲಿ ಕಲ್ಲೇ ಇರ್ಲಿಲ್ಲ, ನಿನ್ನ ಮಗಳೇ ತೆಗ್ದಿರೋ ಫೋಟೋ ನೋಡು ಅಂದ್ರೆ ಏನು ಹೇಳ್ಲಿ?"

"ಸರ್ವೆ ದಾಖಲೆ ಐತಲ್ಲಪ್ಪ."

"ಕಲ್ಲು ಹಾಕ್ಸೋಕ್ ಮುಂಚೆನೂ ದಾಖಲೆ ಇತ್ತು."

ಅಪ್ಪನದು ಹಳೆಯ ಭಯವೆಂದೇ ಗೌತಮಿ ಅಂದುಕೊಂಡಳು. ಅದನ್ನು ತೋರಿಸಿಕೊಡಲೆಂದೇ ಕಲ್ಲು ಅಳಿಸದ ಫೋಟೋವನ್ನು ಪ್ರಿಂಟ್ ಹಾಕಿಸಿ, ಭಾನುವಾರ ತಾನೇ ಗೌಡರ ಮನೆಗೆ ಹೋದಳು. ಮರ ಚೆನ್ನಾಗಿದೆಯೆಂದು ಕೊಂಡಿದ್ದರೆ ಇದೂ ಅವನಿಗೆ ಒಪ್ಪಿಗೆಯಾಗಬೇಕು.

ಜಗಲಿಯ ಮೇಲೆ ಮುನಿವೆಂಕಟಪ್ಪಗೌಡರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ನರೇಂದ್ರ ಹೊರಗೆ ಬಂದು ಸುರುಳಿ ಬಿಚ್ಚಿದ. ಅವನ ಕಣ್ಣು ಮೊದಲು ಹೋಗಿದ್ದು ಮರದ ಬುಡಕ್ಕೆ.

"ಇದ್ರಲ್ಲಿ ಕಲ್ಲಿದೆ."

"ಹೊಲದಲ್ಲೂ ಇದೆಯಲ್ಲಣ್ಣ."

"ನಾನು ಆರ್ಡರ್ ಮಾಡಿದ್ದು ಇದಲ್ಲ ಕಣಮ್ಮ. ಅದನ್ನೇ ಕೊಡು."

"ಮರ ಎರಡ್ರಲ್ಲೂ ಒಂದೇ ಅಲ್ವಾ?"

ನರೇಂದ್ರ ನಕ್ಕ. "ನಿಂಗೇ ಬೇಡ ಅನ್ನಿಸಿದ ಕಲ್ಲು ನಂಗ್ಯಾಕಮ್ಮ?"

ಆ ಮಾತಿನಲ್ಲಿ ತಪ್ಪು ಹಿಡಿಯುವಂತಿರಲಿಲ್ಲ. ಗೌಡರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಇವಳನ್ನೇ ನೋಡುತ್ತಿದ್ದರು. ಗೌತಮಿ ಅಲ್ಲೇ ನಿಂತು ಅವನ ದುಡ್ಡನ್ನು ಮೊಬೈಲಿನಲ್ಲೇ ವಾಪಸ್ಸು ಹಾಕಿದಳು. ನರೇಂದ್ರನ ಜೇಬಿನಲ್ಲಿ ಮೊಬೈಲ್ ಸದ್ದು ಮಾಡಿತು.

"ಇಷ್ಟಕ್ಕೇ ವಾಪಸ್ಸಾ? ನಿಮ್ಮಪ್ಪ ಹೇಳಿ ಕಳಿಸಿದ್ನಾ?"

"ಚುಕ್ತಾ ಆಯ್ತಣ್ಣ. ಬರ್ತೀನಿ."

ಪ್ರಿಂಟನ್ನು ಸುತ್ತಿ ಹಿಡಿದುಕೊಂಡು ನಡೆಯುತ್ತಲೇ ಕಲ್ಲಿಲ್ಲದ ಫೋಟೋವನ್ನು ಆನ್‌ಲೈನಿನಿಂದ ತೆಗೆದುಹಾಕಿದಳು.

ಹೊಲದಲ್ಲಿ ಕೊಯ್ಲು ಅರ್ಧಕ್ಕೇ ನಿಂತಿತ್ತು. ಕೊಂಡಪ್ಪ ಮರದ ಬುಡದಲ್ಲಿ ಕೂತು ಕಲ್ಲಿಗೆ ಹೊಸದಾಗಿ ಸುಣ್ಣ ಬಳಿಯುತ್ತಿದ್ದ.

"ದುಡ್ಡು?"

"ಕೊಟ್ಬಿಟ್ಟೆ."

"ಫೋಟೋ?"

"ತೆಗೆದಾಕ್ದೆ."

"ಅವ್ನ ಮೊಬೈಲಲ್ಲಿ ಇದ್ರೆ?"

ಗೌತಮಿ ಪ್ರಿಂಟನ್ನು ರಾಗಿ ಹಿಡಿಗಳ ಮೇಲಿಟ್ಟು, ಅಪ್ಪನ ಕೈಯಿಂದ ಬ್ರಷ್ ತೆಗೆದುಕೊಂಡಳು. ಗೌಡರ ಹೊಲದ ಕಡೆಗಿದ್ದ ಕಲ್ಲಿನ ಮುಖಕ್ಕೆ ಇನ್ನೂ ಸುಣ್ಣ ಬಿದ್ದಿರಲಿಲ್ಲ.