ಎರಡನೇ ಆಫೀಸು

ಮದಾಮ್ ಅಫ್ವೆ ನಮಗೆ ಫ್ರೆಂಚ್ ಕಲಿಸುತ್ತಿದ್ದದ್ದು ಕರಿಹಲಗೆಯ ಮುಂದೆ ಕೂರಿಸಿ ಅಲ್ಲ. ಒಂದು ವಾರ ದೋಣಿ ಹತ್ತಿಸಿ ಹಿನ್ನೀರು ದಾಟಿಸುವಳು, ಇನ್ನೊಂದು ವಾರ ಮುಖವಾಡದ ಕುಣಿತಕ್ಕೆ ಕರೆದೊಯ್ಯುವಳು. ಹೋದಲ್ಲೆಲ್ಲ ನಮ್ಮ ಬಾಯಿ ಬಿಡಿಸುವಳು. ಘಾನಾದ ಕುಮಾಸಿಯಿಂದ ಗಂಡನ ಹಿಂದೆ, ಫ್ರೆಂಚ್ ಆಡುವ ಅಬಿಜಾನಿಗೆ ಬಂದ ನನಗೆ ಅದು ಬೇಕೇ ಬೇಕಿತ್ತು. ನನ್ನ ಗಂಡ ಒಫೋರಿಯ ಗೆಳೆಯರು ಮನೆಗೆ ಬಂದು ಹರಟುವಾಗ, ಹೆಂಡತಿಯಾಗಿಯೂ ಹೊರಗಿನವಳಂತೆ ಕೂತಿರುವುದು ಸಾಕಾಗಿತ್ತು.

ಆ ಶನಿವಾರ ತ್ರೆಶ್ವಿಲ್ ಮಾರುಕಟ್ಟೆ. ಮದಾಮ್ ನನ್ನನ್ನು ಒಬ್ಬ ಮೀನಿನವಳ ಮುಂದೆ ನಿಲ್ಲಿಸಿ, "ಸೆರ್ವಾ, ಬರೀ ಕೊಂಡ್ಕೊಂಡು ಓಡ್ಬಾರ್ದು. ಮಾತಾಡು," ಎಂದಳು.

ಮೀನಿನವಳೇ ಶುರುಮಾಡಿದಳು. "ಏನಮ್ಮಾ ಹೊಸಬಳೇ, ಇಷ್ಟು ದೊಡ್ಡ ಮೀನು ಯಾರಿಗೆ? ಯಜಮಾನ್ರು ಮನೇಲಿದ್ದಾರಾ?"

ನನಗೆ ಪೂರ್ತಿ ಅರ್ಥವಾಯಿತು! ಉತ್ತರವೂ ನಾಲಿಗೆಯ ತುದಿಯಲ್ಲಿತ್ತು. ನಮ್ಮ ಡ್ರೈವರ್ ಕುವಾಕು ಫೋನಿನಲ್ಲಿ ಯಜಮಾನರ ಬಗ್ಗೆ ಹೇಳುತ್ತಿದ್ದದ್ದನ್ನು ಕೇಳಿ ನಾನಾಗಿಯೇ ಕಲಿತ ಮಾತು.

"ಇಲ್ಲಕ್ಕ, ಶನಿವಾರ ಅಲ್ವಾ? ನಮ್ಮನೆಯವರು ದೂಜಿಯೆಮ್ ಬ್ಯೂರೋಗೆ ಹೋಗಿದ್ದಾರೆ."

ಎರಡನೇ ಆಫೀಸು. ಗಂಡನ ಕೋಕೋ ವ್ಯಾಪಾರ ಬೆಳೆದಿದೆಯೆಂಬ ಹೆಮ್ಮೆಯಲ್ಲಿ ಇನ್ನೂ ಸೇರಿಸಿದೆ: "ಅಲ್ಲಿಗೆ ಊಟಾನೂ ನಾನೇ ಕಳಿಸ್ತೀನಿ."

ಮೀನಿನವಳು ಚಪ್ಪಾಳೆ ತಟ್ಟಿ ಪಕ್ಕದ ಅಂಗಡಿಯವಳನ್ನು ಕೂಗಿದಳು. "ಬಾರೇ ಇಲ್ಲಿ, ಕೇಳು! ಇಂಥ ಪುಣ್ಯಾತ್ಗಿತ್ತೀನ ಎಲ್ಲಾದ್ರೂ ಕಂಡಿದ್ಯಾ? ಸವತಿಗೆ ಬುತ್ತಿ ಕಟ್ತಾಳಂತೆ!"

ಸವತಿ ಎನ್ನಲು ಅವಳು ಬಳಸಿದ ಪದ ನನಗಿನ್ನೂ ಗೊತ್ತಿರಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮದಾಮ್ ಮಾತ್ರ ನಗಲಿಲ್ಲ. ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ಆ ಮಾತು ಯಾರು ಕಲಿಸಿದ್ರು ತಂಗಿ ನಿಂಗೆ?"

"ಯಾಕೆ, ತಪ್ಪಾಯ್ತಾ?"

"ವ್ಯಾಕರಣ ಸರಿಯಾಗೇ ಇದೆ." ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. "ಇಲ್ಲಿ ಎರಡನೇ ಆಫೀಸು ಅಂದ್ರೆ ಆಫೀಸಲ್ಲ. ಮದುವೆಯಾದ ಗಂಡಸು ಇಟ್ಕೊಂಡಿರೋ ಹೆಂಗಸು."

ಆ ಗಳಿಗೆಯಲ್ಲಿ ನನಗೆ ನೆನಪಾದದ್ದು ಗಂಡನ ಮುಖವಲ್ಲ, ಊಟದ ಡಬ್ಬಿ. ಪ್ರತಿ ಸಲ ಅದು ಫಳಫಳ ತೊಳೆದು, ಒರೆಸಿ, ಮುಚ್ಚಳ ಬಿಗಿದು ವಾಪಸು ಬರುತ್ತಿತ್ತು. ಆಫೀಸಿನಲ್ಲಿ ಯಾರೋ ಅಚ್ಚುಕಟ್ಟಾದ ಕೆಲಸದವಳಿದ್ದಾಳೆ ಎಂದು ಮೆಚ್ಚಿಕೊಂಡಿದ್ದೆ!

ಹೊರಗೆ ಕುವಾಕು ಕಾರಿನ ಬಾಗಿಲು ತೆರೆದ. ಹತ್ತಿ ಕೂತು ಫ್ರೆಂಚಿನಲ್ಲೇ ಹೇಳಿದೆ: "ಎರಡನೇ ಆಫೀಸಿಗೆ ನಡಿ."

ಅವನ ಕೈ ಕೀಲಿಯ ಮೇಲೇ ನಿಂತಿತು. "ಇವತ್ತು... ಇವತ್ತು ರಜಾ ಅಮ್ಮಾವ್ರೇ."

"ನಡಿ ಅಂದೆ."

ವಿಳಾಸ ಕೇಳಲಿಲ್ಲ ಅವನು. ಮನೆಯ ದಾರಿ ಬಿಟ್ಟು ಸೇತುವೆಯ ಕಡೆ ತಿರುಗಿಸಿದ. ಅಷ್ಟು ಹೊತ್ತೂ ಮನಸ್ಸಿನ ಎಲ್ಲೋ ಒಂದು ಮೂಲೆಯಲ್ಲಿ, ಮದಾಮ್ ಹೇಳಿದ್ದು ಸುಳ್ಳಿರಬಹುದು ಎಂದುಕೊಂಡಿದ್ದೆನೆಂದು ಆಗ ತಿಳಿಯಿತು.

ದಾರಿಯುದ್ದಕ್ಕೂ ವಾಕ್ಯ ಜೋಡಿಸಿದೆ. ನೀನು ಯಾರು? ನನ್ನ ಗಂಡ ಎಲ್ಲಿ? ಕ್ರಿಯಾಪದ ತಪ್ಪಬಾರದು. ಅವಳ ಮುಂದೆ ತೊದಲಬಾರದು.

ಬಾಗಿಲು ತೆರೆದವಳಿಗೆ ನನ್ನದೇ ವಯಸ್ಸು. "ನೀನು ಯಾರು?" ಎಂದೆ, ತಪ್ಪಿಲ್ಲದ ಫ್ರೆಂಚಿನಲ್ಲಿ.

ಅವಳು ನನ್ನನ್ನೇ ದಿಟ್ಟಿಸಿದಳು. ಆಮೇಲೆ ಒಳಗೆ ಹೋಗಿ, ನಮ್ಮ ಕಡೆ ಮನೆಗೆ ಬಂದವರಿಗೆ ಕೊಡುವಂತೆ, ತಟ್ಟೆಯ ಮೇಲೆ ನೀರಿನ ಲೋಟವಿಟ್ಟು ತಂದಳು.

"ಸೆರ್ವಾ ಅಲ್ವಾ? ಬಾ ಅಕ್ಕ. ಮೊದ್ಲು ನೀರು ಕುಡಿ."

ಅವಳಾಡಿದ್ದು ಫ್ರೆಂಚ್ ಅಲ್ಲ, ನಮ್ಮ ಟ್ವಿ ಭಾಷೆ. ಅದೂ ಕುಮಾಸಿಯ ಟ್ವಿ, ನಮ್ಮಮ್ಮ ಆಡುವಂಥದ್ದು. ದಾರಿಯುದ್ದಕ್ಕೂ ನಾನು ಫ್ರೆಂಚ್ ಜೋಡಿಸಿದ್ದು ಪರದೇಶದವಳೊಬ್ಬಳನ್ನು ಎದುರಿಸಲು; ಇವಳು ನಮ್ಮೂರಿನವಳೇ.

ನಾನು ಲೋಟ ತೆಗೆದುಕೊಂಡೆ. ಜೋಡಿಸಿಟ್ಟಿದ್ದ ಎರಡನೇ ಪ್ರಶ್ನೆಯನ್ನು ಟ್ವಿಯಲ್ಲೇ ಕೇಳಿದೆ: "ನನ್ನ ಗಂಡ ಎಲ್ಲಿ?"