ಕೊಕ್ಕೆಗೆ ಮರಳದ ದೀಪ

ನಾನು ಒಂದು ಹಿತ್ತಾಳೆಯ ಕಾರ್ಬೈಡ್ ದೀಪ. ಹುಟ್ಟಿದ್ದು ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ. ನನ್ನ ಹೊಟ್ಟೆಯಲ್ಲಿ ಕಾರ್ಬೈಡ್ ಹರಳು, ತಲೆಯಲ್ಲಿ ನೀರು. ನೀರು ತೊಟ್ಟಿಕ್ಕಿದರೆ ಗ್ಯಾಸ್ ಎದ್ದು ಉರಿಯುತ್ತೇನೆ. ನಾನು ಮಹಾ ಪುಕ್ಕಲ. ಸಣ್ಣ ಗಾಳಿಗೂ ಜೀವ ಬಾಯಿಗೆ ಬರುತ್ತದೆ. ಅಂಥ ನನ್ನನ್ನು ಹಡಗಿಗೆ ಹಾಕಿ, ಕೋಲಾರದ ಕಡೆಯ ಚಿನ್ನದ ಗಣಿಯೊಂದಕ್ಕೆ ಕಳಿಸಿದರು. ಹೋಗಿ ಹೋಗಿ ಪಾತಾಳಕ್ಕೆ!

ಅಲ್ಲಿನ ದೀಪದ ಕೋಣೆಯಲ್ಲಿ ಒಬ್ಬೊಬ್ಬನಿಗೂ ಒಂದು ಕೊಕ್ಕೆ. ಮೇಲೆ ಬಂದವನು ದೀಪವನ್ನು ತನ್ನ ಕೊಕ್ಕೆಗೆ ತೂಗುಹಾಕಬೇಕು. ಕೊಕ್ಕೆ ಖಾಲಿಯಿದ್ದರೆ ಅವನಿನ್ನೂ ಕೆಳಗಿದ್ದಾನೆ ಎಂದರ್ಥ. ಅವನು ಸಿಗುವವರೆಗೆ ಹುಡುಕುತ್ತಾರೆ.

ನಾನು ಸಿಕ್ಕಿದ್ದು ಬತಿಸ್ತ ಎಂಬ ಇಟಲಿಯವನಿಗೆ. ಸುರಂಗದ ಸೂರು ಕುಸಿಯದಂತೆ ಮರದ ತೊಲೆ ನಿಲ್ಲಿಸುವುದು ಅವನ ಕೆಲಸ. ಜೊತೆಗಾರ ಗುರ್ರಪ್ಪ, ಬಂಗಾರಪೇಟೆ ಕಡೆಯವನು. ಉಳಿದ ಬಿಳಿಯರಿಗೆಲ್ಲ 'ದೊರೆ' ಎನ್ನುತ್ತಿದ್ದ ಗುರ್ರಪ್ಪ ಇವನಿಗೆ ಮಾತ್ರ 'ಬತಿಸ್ತಣ್ಣ' ಎನ್ನುತ್ತಿದ್ದ. ಬಂಡೆಗೆ ಸಿಡಿಮದ್ದು ಇಟ್ಟಾಗ ಬತಿಸ್ತ ನನ್ನನ್ನು ಅಡ್ಡಡ್ಡ ಬೀಸುತ್ತಿದ್ದ. ಕಂಡವರು ಯಾಕೆ ಏನು ಎಂದು ಕೇಳದೆ ನೆಲಕ್ಕೆ ಬೀಳಬೇಕು. ಗಣಿಯಲ್ಲಿ ಎಲ್ಲರಿಗೂ ಅದು ರೂಢಿಯಾಗಿತ್ತು.

ಒಂದು ದಿನ ಕಂಪನಿಯ ಆಜ್ಞೆ ಬಂತು: ಈ ದೇಶದ ಕೆಲಸಗಾರರೆಲ್ಲ ಕೈಗೆ ನಂಬರಿನ ಕಬ್ಬಿಣದ ಬಳೆ ಹಾಕಿಸಿಕೊಳ್ಳಬೇಕು, ಬಿಚ್ಚುವಂತಿಲ್ಲ. ಜನ ಕೆಲಸ ಬಿಟ್ಟು ಕೂತರು.

"ನಿಂಗ್ಯಾಕಣ್ಣಾ ಚಿಂತೆ? ನಿನ್ನ ಕೈಗೆ ಹಾಕಾಕಿಲ್ಲ" ಎಂದ ಗುರ್ರಪ್ಪ.

"ನಮ್ಮೂರು... ದನಕ್ಕೆ ನಂಬರು. ಮನುಷ್ಯಾಗೆ ಇಲ್ಲ" ಎಂದ ಬತಿಸ್ತ, ತನ್ನ ಮುರುಕು ಕನ್ನಡದಲ್ಲಿ.

ಆದರೂ ಕಂಪನಿ ಬಿಳಿಯರ ಕೈಗೆಲ್ಲ ಬಂದೂಕು ಕೊಟ್ಟಾಗ ಅವನೂ ತೆಗೆದುಕೊಂಡ. ಬರೀ ಹೆದರಿಸುವುದಕ್ಕೆ ಎಂದಿದ್ದರು. ನನಗೆ ಅದು ಸ್ವಲ್ಪವೂ ಹಿಡಿಸಲಿಲ್ಲ.

ಮುಸ್ಸಂಜೆ. ಗಣಿಯ ಮಣ್ಣಿನ ದೊಡ್ಡ ದಿಬ್ಬದ ಹಿಂದೆ ಬಂದೂಕಿನವರು ಅಡಗಿ ಕೂತರು. ನಾನು ಆರಿಕೊಂಡು ಬತಿಸ್ತನ ಸೊಂಟದಲ್ಲಿದ್ದೆ. ಬಳೆ ಬೇಡ ಎನ್ನಲು ಕಂಪನಿಯ ಕಚೇರಿಯತ್ತ ಜನ ಬರುತ್ತಿದ್ದರು, ಬರಿಗೈಲಿ. ಎಲ್ಲರಿಗಿಂತ ಮುಂದೆ ಗುರ್ರಪ್ಪ! ಅಷ್ಟರಲ್ಲಿ ಕಂಪನಿಯ ಸಾಹೇಬ ಪಿಸುಗುಟ್ಟಿದ: ಎಚ್ಚರಿಕೆ ಬೇಡ, ಹತ್ತಿರ ಬಂದೊಡನೆ ಹೊಡೆಯಿರಿ.

ಬತಿಸ್ತ ಬಂದೂಕು ಎಸೆದು ದಿಬ್ಬ ಹತ್ತತೊಡಗಿದ. ಮಣ್ಣು ಜಾರುತ್ತಿತ್ತು. ತುದಿಯಲ್ಲಿ ನಿಂತು ನನ್ನ ಕಿಡಿಚಕ್ರ ಉಜ್ಜಿದ. ನಾನು ಹೊತ್ತಲಿಲ್ಲ. ನನಗೆ ಕೈಕಾಲಿಲ್ಲ, ಇದ್ದಿದ್ದರೆ ಓಡಿಹೋಗುತ್ತಿದ್ದೆ. ಮತ್ತೆ ಉಜ್ಜಿದ. ಬರೀ ವಾಸನೆ ಬಂತು. ಜನ ಇನ್ನೂ ಹತ್ತಿರ ಬಂದರು. ದೇವರೇ, ಇದೊಂದು ಸಲ ಎಂದುಕೊಂಡೆ. ಭಗ್ಗೆಂದು ಹೊತ್ತಿಕೊಂಡೆ.

ಅವನು ನನ್ನನ್ನು ಅಡ್ಡಡ್ಡ ಬೀಸಿದ.

ಒಬ್ಬರೂ ಯಾಕೆ ಎಂದು ಕೇಳಲಿಲ್ಲ. ಅಷ್ಟೂ ಜನ ಧೊಪ್ಪನೆ ನೆಲಕ್ಕೆ ಬಿದ್ದರು. ಗುಂಡುಗಳು ಅವರ ಮೇಲಿನಿಂದ ಹಾದುಹೋದವು. ಹಿಂದಿನಿಂದ ಯಾರೋ ಬತಿಸ್ತನ ತಲೆಗೆ ಬಂದೂಕಿನ ಹಿಡಿಯಿಂದ ಹೊಡೆದರು. ನಾನು ಅವನ ಕೈ ತಪ್ಪಿ ದಿಬ್ಬದಿಂದ ಉರುಳಿದೆ. ಕೆಳಗೆ ಎತ್ತಿಕೊಂಡವನು ಗುರ್ರಪ್ಪ.

ಬತಿಸ್ತನನ್ನು ಎಳೆದೊಯ್ದರು. ಹಡಗು ಹತ್ತಿಸಿದರು ಎಂದರು ಕೆಲವರು. ಹಡಗಿನವರೆಗೆ ಅವನು ಉಳಿದಿರಲಿಲ್ಲ ಎಂದರು ಇನ್ನು ಕೆಲವರು. ಬಳೆಯ ಮಾತನ್ನು ಕಂಪನಿ ಮತ್ತೆ ಎತ್ತಲಿಲ್ಲ.

ದೀಪದ ಕೋಣೆಯ ಗುಮಾಸ್ತ ನನ್ನನ್ನು ಕೇಳಿಕೊಂಡು ಗುರ್ರಪ್ಪನ ಮನೆಗೆ ಬಂದ.

"ಬತಿಸ್ತಣ್ಣ ಇನ್ನೂ ಮ್ಯಾಲಕ್ಕೆ ಬಂದಿಲ್ಲ ಸಾಮಿ. ಕೊಕ್ಕೆ ಖಾಲಿ ಇರ್ಲಿ" ಎಂದು ಗುರ್ರಪ್ಪ ಬಾಗಿಲು ಹಾಕಿಕೊಂಡ.

ಈಗ ಗಣಿ ಮುಚ್ಚಿದೆ. ಗುರ್ರಪ್ಪನೂ ಇಲ್ಲ. ನಾನು ಅವನ ಮೊಮ್ಮಗಳು ವೆಂಕಟಲಕ್ಷ್ಮಿಯ ಮನೆಯ ಗೂಡಿನಲ್ಲಿದ್ದೇನೆ, ಹಸಿರು ಕಿಲುಬು ಹಿಡಿದು. ಹಳೇ ಹಿತ್ತಾಳೆ ಕೊಳ್ಳುವವನು ಬೀದಿಯಲ್ಲಿ ಕೂಗಿದಾಗಲೆಲ್ಲ ನನ್ನ ಎದೆ ಡವಗುಟ್ಟುತ್ತದೆ. ಕರಗಿ ಹೋಗುವ ಭಯವಲ್ಲ ಅದು. ನಾನೂ ಹೋದರೆ, ಬತಿಸ್ತನಿನ್ನೂ ಬಂದಿಲ್ಲ ಎಂದು ಹೇಳುವವರು ಯಾರು?