ಎರೆ ಹೊಲಕ್ಕೆ ಫೋರ್ ವೀಲ್

ನಮ್ಮ ಮನೆಯ ಅಣ್ಣತಮ್ಮಂದಿರ ನಡುವೆ ಹೊಲದ ಜಗಳವಿಲ್ಲ, ಬಾವಿಯ ಜಗಳವಿಲ್ಲ. ಇರುವುದೆಲ್ಲ ಗಾಡಿಯ ಜಗಳ. ನನ್ನ ಭಾವ ಅಂಬರಾಯ ಸೇಡಂ ಹತ್ತಿರದ ಮುಧೋಳದಲ್ಲಿ ಒಕ್ಕಲುತನ ಮಾಡುತ್ತಾರೆ. ಅವರ ಜೀಪು ಶಹಾಬಾದಿನ ಫರ್ಸಿ ಕಲ್ಲಿನ ಖಣಿಯಲ್ಲಿ ಇಪ್ಪತ್ತು ವರ್ಷ ದುಡಿದು ಬಂದದ್ದು. ಅದಕ್ಕೆ ಬಾಗಿಲಿಲ್ಲ, ಹಾರ್ನ್ ಒತ್ತಿದರೆ ವೈಪರ್ ಆಡುತ್ತದೆ. ನನ್ನ ಗಂಡ ಸಂಗಣ್ಣ ಸೇಡಂನಲ್ಲಿ ಹೈಸ್ಕೂಲು ಮಾಸ್ತರು. ಹೋದ ದೀಪಾವಳಿಗೆ ಅವರು ಬಿಳಿ ಬಣ್ಣದ ದೊಡ್ಡ ಎಸ್‌ಯುವಿ ತಂದರು. ಅದು ಒಳಗೆ ಬರಲೆಂದು ಮನೆಯ ಗೇಟು ಕೀಳಿಸಿದರು. ಅಂದಿನಿಂದ ಓಣಿಯ ಆಡುಗಳೂ ಒಳಗೆ ಬರುತ್ತಿವೆ. ನನ್ನ ಕರಿಬೇವಿನ ಗಿಡ ಹೋಯಿತು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

"ತಮ್ಮಾ, ನಿನ್ನ ಗಾಡಿ ಭಾಳ ಚಂದ ಅದ. ಸೀರಿ ಉಡಿಸಿದ್ರ ಲಗ್ನಾನೇ ಮಾಡಬಹುದು" ಎನ್ನುತ್ತಾರೆ ಭಾವ.

"ನಿನ್ನ ಜೀಪಿನ ಪಿಂಚಣಿಗಿ ಅರ್ಜಿ ಹಾಕೋ ಅಣ್ಣ, ವಯಸ್ಸಾಗ್ಯಾದ" ಎನ್ನುತ್ತಾರೆ ನಮ್ಮವರು.

ಆದರೆ ಆ ಗಾಡಿ ಕೊಂಡದ್ದು ಬರೀ ಮೆರೆಯುವುದಕ್ಕಲ್ಲ, ಅದನ್ನೂ ಹೇಳಬೇಕು. ನಮ್ಮ ಅತ್ತೆ ಗುಂಡಮ್ಮನವರಿಗೆ ಈಗ ಎಪ್ಪತ್ತೆಂಟು. ಮದುವೆಯಾಗಿ ಬಂದ ವರ್ಷದಿಂದ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ನಮ್ಮ ಹೊಲದಲ್ಲಿ ಚರಗ ಚೆಲ್ಲುವವರು ಅವರೇ. ಸಜ್ಜೆ ರೊಟ್ಟಿ, ಕಡುಬು, ಕಾಳು ಸೊಪ್ಪು ಬೇಯಿಸಿದ ಭಜ್ಜಿ ಎಲ್ಲ ಕಲಸಿ, ಬರಿಗಾಲಲ್ಲಿ ಬೆಳೆಯ ನಡುವೆ ನಡೆಯುತ್ತ ಚೆಲ್ಲಿ ಭೂಮಿತಾಯಿಗೆ ಉಣಿಸಬೇಕು. ಎರಡು ವರ್ಷದಿಂದ ಅವರ ಮೊಣಕಾಲು ಹಿಡಿದಿವೆ. ಜೀಪಿನ ಎತ್ತರಕ್ಕೆ ಕಾಲು ಏರುವುದಿಲ್ಲ, ಟ್ರ್ಯಾಕ್ಟರಿನ ಮಾತೇ ಬೇಡ. ಹೋದ ವರ್ಷ ಮಕ್ಕಳಿಬ್ಬರೂ ಬಗಲಿಗೆ ಕೈಹಾಕಿ ಜೀಪಿಗೆ ಎತ್ತಲು ಹೋದಾಗ, "ತೊಗರಿ ಚೀಲ ಮಾಡೀರೇನೋ ನನ್ನ? ಬಿಡ್ರೋ!" ಎಂದು ಕೋಲು ಎತ್ತಿದ್ದರು. ಆ ದಿನವೆಲ್ಲ ಕಟ್ಟೆಯ ಮೇಲೆ ಕೂತು, ಹೊಲಕ್ಕೆ ಹೋಗುವವರನ್ನು ನೋಡಿದರು. ಸಂಜೆ ಊಟ ಮಾಡಲಿಲ್ಲ.

"ಇನ್ನೊಂದ್ಸಲ ನಮ್ಮ ಎರಿ ಮಣ್ಣಿಗಿ ಕಾಲು ಹಚ್ಚಬೇಕು ನೋಡವ್ವ ನಾಗರತ್ನಾ. ಆಮ್ಯಾಗ ಹ್ಯಾಂಗರೆ ಆಗಲಿ" ಎಂದು ನನ್ನೊಬ್ಬಳಿಗೆ ಹೇಳಿದರು. ನಾನು ಅದನ್ನು ನಮ್ಮವರ ಕಿವಿಗೆ ಹಾಕಿದೆ. ಮೂರನೆಯ ದಿನ ಅವರು ಗಾಡಿಗಳ ಚಿತ್ರ ನೋಡತೊಡಗಿದರು.

ಈ ಸಲ ಎಳ್ಳಮಾಸಿಗೆ ಎರಡು ದಿನ ಇರುವಾಗ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂತು. ಕಪ್ಪು ಎರೆ ಮಣ್ಣಿಗೆ ಮಳೆ ಬಿದ್ದರೆ ಏನಾಗುತ್ತದೆಂದು ನಮ್ಮ ಕಡೆ ಕೂಸಿಗೂ ಗೊತ್ತು. ನಮ್ಮವರಿಗೂ ಗೊತ್ತಿತ್ತು. ಆದರೆ ಅವರ ಗಾಡಿಗೆ ಗೊತ್ತಿರಲಿಲ್ಲ.

ನಾವು ಸೇಡಂನಿಂದ ಮುಧೋಳ ಮುಟ್ಟುವ ಹೊತ್ತಿಗೆ ಭಾವ ಮನೆಮಂದಿಯನ್ನೆಲ್ಲ ಜೀಪಿನಲ್ಲಿ ತುಂಬಿಕೊಂಡು ಹೊಲಕ್ಕೆ ಹೋಗಿಬಿಟ್ಟಿದ್ದರು. ಅತ್ತೆ ಹಸಿರು ಇಳಕಲ್ ಸೀರೆ ಉಟ್ಟು ಕಾಯುತ್ತಿದ್ದರು. ನಮ್ಮ ಗಾಡಿಯ ಬಾಗಿಲ ಕೆಳಗಿನ ಮೆಟ್ಟಿಲು ಏರಿ, ಸೀಟಿಗೆ ಬೆನ್ನು ಕೊಟ್ಟು ಕೂತು, ಕಾಲು ಒಂದೊಂದಾಗಿ ಒಳಗೆ ಎಳೆದುಕೊಂಡರು. ಯಾರ ಕೈಯನ್ನೂ ಹಿಡಿಯಲಿಲ್ಲ. ನಮ್ಮವರ ಮುಖ ಅರಳಿತು. ನಿಜ ಹೇಳಬೇಕೆಂದರೆ ನನಗೂ ಆಗ ಆ ಗಾಡಿಯ ಮೇಲೆ ಸ್ವಲ್ಪ ಪ್ರೀತಿ ಬಂತು.

ಭಜ್ಜಿಯ ಗಡಿಗೆಯನ್ನು ಮುಂದಿನ ಸೀಟಿನಲ್ಲಿಟ್ಟೆ. ಗಾಡಿ ಟುಂಯ್ ಟುಂಯ್ ಎಂದು ಕೂಗತೊಡಗಿತು. ಬೆಲ್ಟು ಕಟ್ಟದವರು ಯಾರೋ ಕೂತಿದ್ದಾರೆ ಎಂದು ಅದರ ತಕರಾರು. ಕೊನೆಗೆ ಗಡಿಗೆಗೆ ಬೆಲ್ಟು ಕಟ್ಟಿದ ಮೇಲೆ ಸುಮ್ಮನಾಯಿತು.

"ಭಜ್ಜಿಗಿ ಇಷ್ಟು ಮರ್ಯಾದಿ ಕೊಡೋ ಗಾಡಿ ನಾ ನೋಡಿಲ್ಲ" ಎಂದರು ಅತ್ತೆ.

ಊರು ದಾಟಿ ಡಾಂಬರು ಮುಗಿಯಿತು. ಮುಂದೆ ಹೊಲದ ದಾರಿ, ಕಪ್ಪಗೆ ಮಿಂಚುತ್ತಿತ್ತು.

"ಇಲ್ಲೇ ನಿಂದ್ರಸ್ರಿ, ಭಾವನೋರಿಗಿ ಫೋನ್ ಹಚ್ಚೋಣ" ಎಂದೆ.

"ಫೋರ್ ವೀಲ್ ಅದ, ನಾಕೂ ಗಾಲಿ ಎಳೀತಾವ. ಯಾಕ ಅಂಜತಿ?" ಎಂದರು ನಮ್ಮವರು.

ನೂರು ಮಾರು ಹೋಗಿರಬೇಕು. ಗಾಡಿ ಒಮ್ಮೆ ಎಡಕ್ಕೆ ವಾಲಿತು, ಒಮ್ಮೆ ಬಲಕ್ಕೆ ವಾಲಿತು, ಆಮೇಲೆ ಎಮ್ಮೆ ಕೆಸರಿನಲ್ಲಿ ಕೂತಂತೆ ಕೂತುಬಿಟ್ಟಿತು. ನಮ್ಮವರು ಜೋರು ಮಾಡಿದಷ್ಟೂ ಅದು ಕೆಳಗಿಳಿಯಿತು. ಮುಂದಿನ ಪರದೆಯ ಮೇಲೆ ನಾಲ್ಕೂ ಕಡೆಯ ಕ್ಯಾಮೆರಾ ಚಿತ್ರ ಬಂತು. ನಾಲ್ಕರಲ್ಲೂ ಕೆಸರು ಭಾಳ ಸ್ಪಷ್ಟವಾಗಿ ಕಾಣುತ್ತಿತ್ತು.

ಅಣ್ಣನಿಗೆ ಫೋನು ಮಾಡಲು ನಮ್ಮವರು ಹತ್ತು ನಿಮಿಷ ತೆಗೆದುಕೊಂಡರು. ಜೀಪು ಬರಲು ಅಷ್ಟು ಹೊತ್ತೂ ಹಿಡಿಯಲಿಲ್ಲ. ಹೊಗೆ ಉಗುಳುತ್ತ, ಡಬಡಬ ಸದ್ದು ಮಾಡುತ್ತ ಅದೇ ಕೆಸರಿನಲ್ಲಿ ಬಂತು. ಭಾವ ಇಳಿದು ಸುತ್ತ ನೋಡಿದರು. ನಗಲಿಲ್ಲ. ನಕ್ಕಿದ್ದರೆ ನಮ್ಮವರಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

"ಫೋರ್ ವೀಲ್ ಹಾಕು, ತಮ್ಮಾ."

"ಅದು ತಾನಾ ಹಾಕ್ಕೋತದ" ಎಂದು ನಮ್ಮವರು ಸೀಟಿನಲ್ಲಿ ಕೂತೇ ಮತ್ತೆ ಜೋರು ಮಾಡಿದರು.

"ಮತ್ತ ಹಿಂದಿನ ಗಾಲಿ ಯಾಕ ಗಪ್ಪ ನಿಂತಾವ? ಮುಂದಿನವು ಎರಡೇ ತಿರಗಾಕತ್ತಾವಲ್ಲ."

ನಮ್ಮವರು ಇಳಿದು ನೋಡಿದರು. ಅವರ ಮುಖ ನೋಡಿ ನನಗೆ ಷೋರೂಮಿನ ಮಾತು ನೆನಪಾಯಿತು. "ಫೋರ್ ವೀಲ್ ಅದೇನ್ರಿ?" ಎಂದು ಇವರು ಕೇಳಿದ್ದರು. "ಹೌದ್ರಿ ಸರ್, ಫೋರ್ ವೀಲರೇ" ಎಂದು ಅಲ್ಲಿಯವನು ಅಂದಿದ್ದ. ಅವನು ಸುಳ್ಳು ಹೇಳಲಿಲ್ಲ, ಗಾಡಿಗೆ ಗಾಲಿ ನಾಲ್ಕೇ ಇದ್ದವು. ಪಕ್ಕದಲ್ಲೇ ಕೂತು ಅವರು ಕೊಟ್ಟ ಚಹಾ ಕುಡಿಯುತ್ತಿದ್ದ ನಾನೂ ತಲೆಯಾಡಿಸಿದ್ದೆ. ಅದನ್ನು ಅಲ್ಲೇ ಹೇಳಿಬಿಟ್ಟೆ. ಈಗ ಭಾವನಿಗೆ ನಗು ತಡೆಯಲಾಗಲಿಲ್ಲ. ಜೀಪಿನ ಬಾನೆಟ್ಟು ಹಿಡಿದುಕೊಂಡು ನಕ್ಕರು.

ಸೀಟಿನಲ್ಲಿ ಕೂತಿದ್ದ ಅತ್ತೆ ನಗಲಿಲ್ಲ. "ಹೊತ್ತು ನೆತ್ತಿಗಿ ಬಂತು. ಈ ವರ್ಷನೂ ಇಲ್ಲ ಅನ್ರಿ" ಎಂದು ಸೆರಗು ಸರಿಮಾಡಿಕೊಂಡರು. ಅಷ್ಟೇ ಅಂದದ್ದು. ನಮ್ಮವರು ತಲೆ ಎತ್ತಲಿಲ್ಲ. ಕರಿಬೇವಿನ ಸಿಟ್ಟೆಲ್ಲ ಮರೆತು ನನಗೆ ಅವರ ಮೇಲೆ ಕನಿಕರ ಉಕ್ಕಿತು.

ಭಾವ ನಗು ನಿಲ್ಲಿಸಿದರು. ಜೀಪಿನ ಹಿಂಬದಿಯನ್ನು ನೋಡಿದರು, ನಮ್ಮ ಗಾಡಿಯ ಬಾಗಿಲು ನೋಡಿದರು. "ಬಾಗಿಲಾ ಪೂರಾ ತಗಿ" ಎಂದರು. ಜೀಪು ತಿರುಗಿಸಿ, ಹಿಂದಿನ ಹಲಗೆ ಇಳಿಸಿ, ಹಿಂದಕ್ಕೆ ಹಿಂದಕ್ಕೆ ತಂದು ಸರಿಯಾಗಿ ಅತ್ತೆಯ ಸೀಟಿಗೆ ತಾಗಿಸಿದರು. ಎರಡೂ ಒಂದೇ ಎತ್ತರ! ಜೀಪಿನಲ್ಲಿದ್ದ ಕೌದಿಯನ್ನು ನಾನು ನಡುವೆ ಹಾಸಿದೆ. ಅತ್ತೆ ಕೂತಲ್ಲಿಂದಲೇ ಸರಿಯುತ್ತ ಸರಿಯುತ್ತ, ನೆಲಕ್ಕೆ ಕಾಲಿಡದೆ, ಯಾರಿಂದಲೂ ಎತ್ತಿಸಿಕೊಳ್ಳದೆ ಜೀಪಿಗೆ ದಾಟಿಬಿಟ್ಟರು.

"ತಮ್ಮಾ, ನಿನ್ನ ಗಾಡಿ ಉಪಯೋಗಕ್ಕ ಬಂತಪ. ಇಷ್ಟು ಚಂದನ ಮೆಟ್ಟಲಾ ತಾಲ್ಲೂಕಿನ್ಯಾಗ ಯಾರ ಬಲ್ಲಿನೂ ಇಲ್ಲ."

ನಮ್ಮವರು ಭಜ್ಜಿಯ ಗಡಿಗೆಯ ಬೆಲ್ಟು ಬಿಚ್ಚಿ, ಅದನ್ನು ತಲೆಯ ಮೇಲಿಟ್ಟುಕೊಂಡು ಜೀಪಿನ ಹಿಂದೆ ನಡೆದು ಬಂದರು. ಬೂಟು ಮೊದಲ ಹತ್ತು ಹೆಜ್ಜೆಯಲ್ಲೇ ಕೆಸರಿನ ಪಾಲಾಗಿದ್ದವು. ಜೀಪು ಕುಲುಕಿದಾಗೆಲ್ಲ ಅತ್ತೆ ಅದಕ್ಕೂ, ಅದನ್ನು ಕೊಂಡವರಿಗೂ, ಮಾರಿದವರಿಗೂ ಬೈದರು.

ಹೊಲ ಬಂತು. ಮುಂಚೆ ಬಂದಿದ್ದ ಮನೆಮಂದಿ ದೂರದ ಬೇವಿನ ಗಿಡದ ಕೆಳಗೆ ಪೂಜೆಗೆ ಅಣಿ ಮಾಡುತ್ತಿದ್ದರು. ಒಂದು ಕಡೆ ಎದೆಮಟ್ಟ ಜೋಳ, ಇನ್ನೊಂದು ಕಡೆ ಹಸಿರು ಕಡಲೆ. ಅತ್ತೆ ಹಲಗೆಯ ಅಂಚಿಗೆ ಸರಿದು ಕಾಲು ಇಳಿಬಿಟ್ಟರು. ಪಾದಕ್ಕೂ ಮಣ್ಣಿಗೂ ನಡುವೆ ಇನ್ನೂ ಒಂದು ಗೇಣು ಉಳಿದಿತ್ತು. ಜಾರಿ ಇಳಿದರೆ ಆ ಮೊಣಕಾಲು ತಾಳುವಂತಿರಲಿಲ್ಲ. ಹತ್ತಿಸುವುದನ್ನು ಯೋಚಿಸಿದ್ದೆವೇ ಹೊರತು ಇಳಿಸುವುದನ್ನು ಯಾರೂ ಯೋಚಿಸಿರಲಿಲ್ಲ.

"ಅಲ್ಲೇ ಕುಂತು ಚೆಲ್ಲವ್ವ, ನಾ ಹಗೂರಕ ಬದುವಿಗುಂಟ ಜೀಪ್ ನಡಸ್ತೀನಿ" ಎಂದರು ಭಾವ.

"ಕುಂತಲ್ಲೇ ಉಣಸಾಕ ಭೂಮಿತಾಯಿ ಹೋಟೆಲಿಗಿ ಬಂದಾಳೇನೋ?"

ಅತ್ತೆ ತಮ್ಮ ಪಾದಗಳನ್ನೇ ನೋಡುತ್ತ ಕೂತರು. ಆಮೇಲೆ ಮಕ್ಕಳ ಕಡೆ ತಿರುಗಿ, "ಸಣ್ಣವರಿದ್ದಾಗ ಕೈಗಿ ಕೈ ಹೆಣದು ಕುರ್ಚಿ ಮಾಡ್ತಿದ್ರಲ್ಲ, ಈಗ ಬರ್ತದೇನು?" ಎಂದರು.

ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಅಣ್ಣನ ಕೈಗೆ ಡೀಸೆಲ್ಲು ಮೆತ್ತಿತ್ತು, ತಮ್ಮನ ಕೈಗೆ ಕೆಸರು. ಮೊದಲ ಸಲ ತಪ್ಪಿತು, ಎರಡನೆಯ ಸಲ ಮಣಿಕಟ್ಟು ಸರಿಯಾಗಿ ಹಿಡಿದುಕೊಂಡರು.

"ಎತ್ತಬ್ಯಾಡ್ರಿ. ಬಗ್ರಿ. ನಾನಾ ಕುಂದರ್ತೀನಿ."

ಇಬ್ಬರ ಕೊರಳಿಗೂ ಕೈಹಾಕಿ ಅತ್ತೆ ಆ ಕೈಗಳ ಮೇಲೆ ಕೂತರು. ಇಬ್ಬರೂ ಉಸಿರು ಹಿಡಿದು ಮೆಲ್ಲಗೆ ಬಗ್ಗಿದರು. ಮೊದಲು ಬೆರಳು ಮುಟ್ಟಿದವು, ಆಮೇಲೆ ಹಿಮ್ಮಡಿ. ಅತ್ತೆ ನಿಂತರು.

"ಬಿಡ್ರಿ."

ಮಕ್ಕಳು ಬಿಡಲಿಲ್ಲ.

"ಬಿಡ್ರೋ ಅಂದ್ರ!"

ಬಿಟ್ಟರು. ನಾನು ಚರಗದ ಬುಟ್ಟಿ ಮುಂದೆ ಹಿಡಿದೆ. ಅತ್ತೆ ಮುಷ್ಟಿ ತುಂಬ ತೆಗೆದು ಕಡಲೆಯ ಸಾಲಿನ ಮೇಲೆ ಬೀಸಿ ಚೆಲ್ಲಿದರು. ನನಗೆ ಅಳು ಬಂತು, ಮುಚ್ಚಿಡಲಿಲ್ಲ. ಅವರು ಮುಂದಿನ ಹೆಜ್ಜೆಗೆ ಕಾಲು ಎತ್ತಿದರು. ಕಾಲು ಬರಲಿಲ್ಲ. ಎರೆ ಮಣ್ಣು ಪಾದವನ್ನು ಕಚ್ಚಿ ಹಿಡಿದಿತ್ತು. ಇಬ್ಬರು ಮಕ್ಕಳೂ ಎರಡು ಕಡೆಯಿಂದ ಕೈಚಾಚಿ ಬಂದರು.

"ದೂರ ಸರೀರೋ" ಎಂದರು ಅತ್ತೆ. "ಹಿಡಕೋತದ, ಹಿಡಕೊಳ್ಳಲಿ. ಎರಡು ವರ್ಷದ ಮ್ಯಾಗ ಬಂದೀನಿ."